ಕಡಲಾಚೆಯ ತೊಟ್ಟಿಲು



ದತ್ತು ಎಂಬ ಮಾತು ನಮ್ಮ ಗಡಿನಾಡಿಗೆ ಹೊಸದಲ್ಲ. ನಾವು ದತ್ತುಮಗ, ಸಾಕುಮಗಳು ಎನ್ನುತ್ತೇವೆ. ಪಕ್ಕದ ಮನೆಯ ತೆಲುಗಿನವರು ದತ್ತಪುತ್ರುಡು, ಪೆಂಪುಡು ಕೂತುರು ಎನ್ನುತ್ತಾರೆ. ಮಗುವನ್ನು ಹಾಕಿಕೊಳ್ಳುವ ಜಾಗಕ್ಕೆ ನಮ್ಮಲ್ಲಿ ಉಡಿ, ಅವರಲ್ಲಿ ಒಡಿ. ಒಂದೇ ಬೇರಿನ ಎರಡು ಚಿಗುರಿನಂತೆ ಕೇಳುವ ಮಾತುಗಳು.

ಈಚಿನ ವರ್ಷಗಳಲ್ಲಿ ಈ ದತ್ತು ಎಂಬ ಮಾತು ತುಂಬಾ ಸಲೀಸಾಗಿದೆ. ಊರನ್ನು ದತ್ತು ತೆಗೆದುಕೊಂಡರು ಎನ್ನುತ್ತೇವೆ, ಶಾಲೆಯನ್ನು ದತ್ತು ತೆಗೆದುಕೊಂಡರು ಎನ್ನುತ್ತೇವೆ. 1969ರಲ್ಲಿ ವಿಸೆಂಟ್ ಫೆರರ್ ಅನಂತಪುರಕ್ಕೆ ಬಂದರು. ಅವರು ಕಟ್ಟಿದ ಸಂಸ್ಥೆ ನಮ್ಮ ಬಾಯಲ್ಲಿ ಆರ್.ಡಿ.ಟಿ. ಆಯಿತು. ಕಲ್ಯಾಣದುರ್ಗದಲ್ಲಿ ಅದರ ಆಸ್ಪತ್ರೆಯನ್ನು ನೀವು ಕಂಡಿದ್ದೀರಿ. ಆ ಸಂಸ್ಥೆಯ ಮೂಲಕ ಸ್ಪೇನ್ ದೇಶದ ಸಾವಿರಾರು ಕುಟುಂಬಗಳು ನಮ್ಮ ಹಳ್ಳಿಗಳ ಮಕ್ಕಳಿಗೆ ಪ್ರಾಯೋಜಕರಾದವು. ಆ ಏರ್ಪಾಟಿನಲ್ಲಿ ಮಗುವಿನ ಭಾವಚಿತ್ರ ಸ್ಪೇನಿಗೆ ಹೋಗುತ್ತದೆ, ಅಲ್ಲಿಂದ ಪತ್ರ ಬರುತ್ತದೆ. ಮಗು ಮಾತ್ರ ತನ್ನ ಅವ್ವನ ಮಗ್ಗುಲಲ್ಲೇ ಮಲಗುತ್ತದೆ. ಅದನ್ನು ನೆರವು ಎನ್ನಬೇಕು. ದತ್ತು ಎಂದರೆ ಮಗುವಿನ ಮನೆಯೇ ಬದಲಾಗುವುದು. ಹೆತ್ತವರ ಹಕ್ಕು ತೀರಿ ಇನ್ನೊಬ್ಬರ ಹಕ್ಕು ಹುಟ್ಟುವುದು. ಒಮ್ಮೆ ಆದ ಮೇಲೆ ಹಿಂದಕ್ಕೆ ಬರುವ ದಾರಿ ಅದರಲ್ಲಿಲ್ಲ.

ಇಂದು ನಾನು ಹೇಳಹೊರಟಿರುವುದು ಕಡಲು ದಾಟಿ ಹೋದ ಮಕ್ಕಳ ಚರಿತ್ರೆ. ಆ ಚರಿತ್ರೆಯಲ್ಲಿ ಮೂರು ಕಡೆ ಕಾಯುವವರಿದ್ದಾರೆ. ಅಮೆರಿಕದಲ್ಲೋ ಇಟಲಿಯಲ್ಲೋ ಖಾಲಿ ತೊಟ್ಟಿಲು ಇಟ್ಟುಕೊಂಡು ಕಾಯುವ ದಂಪತಿಗಳು ಒಂದು ಕಡೆ. ಶಿಶುಗೃಹದಲ್ಲಿ ದಿನೇ ದಿನೇ ಬೆಳೆಯುತ್ತಿರುವ ಮಗು ಇನ್ನೊಂದು ಕಡೆ. ಮೂರನೆಯವಳು ಹೆತ್ತ ತಾಯಿ. ಅವಳೂ ಕಾಯುತ್ತಾಳೆ ಎಂಬುದು ಬಹಳ ಕಾಲ ಯಾರಿಗೂ ಹೊಳೆಯಲಿಲ್ಲ. ಈ ಮೂವರ ಕಾಯುವಿಕೆಯಲ್ಲಿ ಯಾವುದನ್ನು ಮೊಟಕು ಮಾಡಬಹುದು, ಯಾವುದನ್ನು ಮಾಡಬಾರದು? ಕಳೆದ ಕೆಲವು ದಶಕಗಳ ಕಾನೂನೆಲ್ಲ ಸುತ್ತಿದ್ದು ಈ ಪ್ರಶ್ನೆಯ ಸುತ್ತಲೇ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ರಾಜರ ಕಥೆಗಳಲ್ಲಿಯೂ ದತ್ತು ಕಡಲಾಚೆಯವರ ಅಪ್ಪಣೆಗಾಗಿ ಕಾದದ್ದುಂಟು. 1824ರಲ್ಲಿ ಕಿತ್ತೂರಿನ ದೊರೆ ಸಾಯುವ ಮುನ್ನ ತೆಗೆದುಕೊಂಡ ದತ್ತನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಕತ್ತಿ ಹಿಡಿಯಬೇಕಾಯಿತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಎಳೆಯ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಅದಕ್ಕೆ ಲಂಡನ್ನಿನ ಒಪ್ಪಿಗೆ ದೊರೆತದ್ದು 1867ರಲ್ಲಿ. ಮರುವರ್ಷವೇ ಮುದಿ ದೊರೆ ತೀರಿಕೊಂಡರು. ಆ ದತ್ತು ನಿಂತದ್ದರಿಂದ 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂತು.

ಅರಮನೆಯಾಗಲಿ, ಗುಡಿಸಲಾಗಲಿ, ಆಗಿನ ದತ್ತಿನ ಗುರಿ ಒಂದೇ ಆಗಿತ್ತು. ಪಟ್ಟಕ್ಕೆ ವಾರಸುದಾರ ಬೇಕು, ಹೊಲಕ್ಕೆ ಒಡೆಯ ಬೇಕು, ಸತ್ತಾಗ ಕೊಳ್ಳಿ ಇಡಲು ಮಗ ಬೇಕು. ಆದ್ದರಿಂದ ಗಂಡುಮಗುವನ್ನೇ ತೆಗೆದುಕೊಳ್ಳುತ್ತಿದ್ದರು, ಅದೂ ಹೆಚ್ಚಾಗಿ ದಾಯಾದಿಗಳ ಪೈಕಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ಬಂದ ಮೇಲೆ ಹೆಣ್ಣುಮಗುವನ್ನೂ ದತ್ತು ತೆಗೆದುಕೊಳ್ಳುವ ಅವಕಾಶವಾಯಿತು. ಮದುವೆಯಾಗದ ಹೆಂಗಸು, ಗಂಡನನ್ನು ಕಳೆದುಕೊಂಡ ಹೆಂಗಸು ತನ್ನ ಹೆಸರಿನಲ್ಲೇ ಮಗುವನ್ನು ತೆಗೆದುಕೊಳ್ಳಬಹುದಾಯಿತು. ಅದು ದೊಡ್ಡ ಹೆಜ್ಜೆಯೇ. ಆದರೂ ಆ ಕಾಯಿದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗೆ ಮಾತ್ರ. ಎಲ್ಲರಿಗೂ ಅನ್ವಯಿಸುವ ಒಂದು ದತ್ತು ಮಸೂದೆಯನ್ನು 1972ರಲ್ಲಿ, ಮತ್ತೆ 1980ರಲ್ಲಿ ಸಂಸತ್ತಿನ ಮುಂದಿಟ್ಟರು. ಎರಡೂ ಕಾಯಿದೆಯಾಗಲಿಲ್ಲ.

ಇಷ್ಟರಲ್ಲಿ ಲೋಕದಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ಎರಡನೆಯ ಮಹಾಯುದ್ಧ ಮುಗಿದು, 1953ರಲ್ಲಿ ಕೊರಿಯಾ ಯುದ್ಧವೂ ನಿಂತಾಗ ಅಲ್ಲಿ ಸಾವಿರಾರು ಮಕ್ಕಳು ಅನಾಥರಾಗಿದ್ದರು. ಅಮೆರಿಕದ ಕುಟುಂಬಗಳು ಆ ಮಕ್ಕಳನ್ನು ಕರೆದುಕೊಂಡು ಹೋಗತೊಡಗಿದವು. ಯುದ್ಧದ ಗಾಯಕ್ಕೆ ಮದ್ದೆಂದು ಶುರುವಾದದ್ದು ಕಾಲಕ್ರಮದಲ್ಲಿ ಒಂದು ಏರ್ಪಾಟಾಗಿ ಬೆಳೆಯಿತು. ಯುರೋಪಿನ ದೇಶಗಳೂ ಸೇರಿಕೊಂಡವು. ಅಲ್ಲಿ ದತ್ತು ಕೊಡಲು ಮಕ್ಕಳು ಕಡಿಮೆಯಾಗುತ್ತಿದ್ದರು, ಮಕ್ಕಳಿಗಾಗಿ ಹಂಬಲಿಸುವವರು ಹೆಚ್ಚುತ್ತಿದ್ದರು. ಅವರ ಕಣ್ಣು ಬಡ ದೇಶಗಳ ಅನಾಥಾಲಯಗಳ ಕಡೆ ತಿರುಗಿತು.

ಭಾರತದಲ್ಲಿ ಪರದೇಶದವರಿಗೆ ದತ್ತು ಕೊಡಲು ಕಾನೂನೇ ಇರಲಿಲ್ಲ. ಆದ್ದರಿಂದ ಬ್ರಿಟಿಷರ ಕಾಲದ ಒಂದು ಹಳೆಯ ಕಾಯಿದೆಯನ್ನು ಹಿಡಿದರು. 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆ ಅದು. ಪರದೇಶದ ದಂಪತಿಗಳು ಇಲ್ಲಿನ ನ್ಯಾಯಾಲಯದಲ್ಲಿ ಮಗುವಿನ ಪೋಷಕರೆಂದು ಆದೇಶ ಪಡೆಯುವುದು, ಮಗುವನ್ನು ತಮ್ಮ ದೇಶಕ್ಕೆ ಒಯ್ಯುವುದು, ಅಲ್ಲಿನ ಕಾನೂನಿನಂತೆ ದತ್ತು ಮಾಡಿಕೊಳ್ಳುವುದು. ಹೀಗಾಗಿ ವಿಮಾನ ಹತ್ತುವಾಗ ಮಗು ಯಾರ ಮಗುವೂ ಆಗಿರುತ್ತಿರಲಿಲ್ಲ. ಪಾಲ್ಯ ಎಂಬ ಹೆಸರಷ್ಟೇ ಅದಕ್ಕೆ.

ಹಾಗೆ ಹೋದವರಲ್ಲಿ ಒಬ್ಬರ ಕಥೆ ಪುಸ್ತಕವಾಗಿ ಲೋಕಕ್ಕೆ ತಿಳಿದಿದೆ. ಆಶಾ ಮಿರೋ ಎಂಬವರು ಮಹಾರಾಷ್ಟ್ರದಲ್ಲಿ 1967ರಲ್ಲಿ ಹುಟ್ಟಿದವರು. 1974ರಲ್ಲಿ, ಏಳು ತುಂಬುವ ಮೊದಲೇ, ಮುಂಬಯಿಯ ಅನಾಥಾಲಯದಿಂದ ಸ್ಪೇನಿನ ಬಾರ್ಸಿಲೋನಾ ನಗರದ ಒಂದು ಮನೆಗೆ ಮಗಳಾಗಿ ಹೋದರು. ಬೆಳೆದು ದೊಡ್ಡವರಾದ ಮೇಲೆ 1995ರಲ್ಲಿ ತಾವು ಹುಟ್ಟಿದ ನಾಡನ್ನು ನೋಡಲು ಬಂದರು. ಮತ್ತೊಮ್ಮೆ ಬಂದಾಗ ಹಳ್ಳಿಯೊಂದರಲ್ಲಿ ಒಡಹುಟ್ಟಿದ ಅಕ್ಕನನ್ನೇ ಕಂಡರು. ಮೊದಲ ಸಲ ಅವರಿಗೆ ತಿಳಿದಿದ್ದ ತಮ್ಮ ಹುಟ್ಟಿನ ಕಥೆ ಒಂದು, ಎರಡನೆಯ ಸಲ ತಿಳಿದದ್ದು ಇನ್ನೊಂದು. ತೋರಿಸಿದ ಕಥೆಯ ಹಿಂದೆ ಒಂದು ಮನೆಯಿತ್ತು, ಬಂಧುಗಳಿದ್ದರು. ಬಾರ್ಸಿಲೋನಾದ ತಂದೆತಾಯಿಯ ಪ್ರೀತಿ ನಿಜ. ಹಳ್ಳಿಯ ಅಕ್ಕನೂ ನಿಜ. ಈ ಎರಡನ್ನೂ ಒಟ್ಟಿಗೆ ಹಿಡಿದು ನಡೆಯುವುದು ಕಡಲು ದಾಟಿದ ಮಕ್ಕಳ ಪಾಲಿನ ಕೆಲಸ.

ಈಗ ಆಚೆ ದಡದಲ್ಲಿ ಕಾಯುವವರನ್ನು ನೋಡೋಣ. ಅವರ ಮನೆಗೆ ಮೊದಲು ಸಮಾಜ ಕಾರ್ಯಕರ್ತರು ಬಂದು ವಿಚಾರಣೆ ಮಾಡುತ್ತಾರೆ. ಸಂಬಳವೆಷ್ಟು, ಆರೋಗ್ಯ ಹೇಗೆ, ಗಂಡಹೆಂಡಿರು ಹೊಂದಿಕೊಂಡಿದ್ದಾರೆಯೆ, ಪೊಲೀಸ್ ಠಾಣೆಯಲ್ಲಿ ಮೊಕದ್ದಮೆ ಏನಾದರೂ ಇದೆಯೆ, ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆ ವರದಿ ಇಲ್ಲಿಗೆ ಬರುತ್ತದೆ. ಬಹಳ ದಿನಗಳ ಮೇಲೆ ಒಂದು ಮಗುವಿನ ಭಾವಚಿತ್ರ ಮತ್ತು ವೈದ್ಯರ ವರದಿ ಅಲ್ಲಿಗೆ ಹೋಗುತ್ತದೆ. ಒಪ್ಪಿಗೆ ಎಂದು ಸಹಿ ಮಾಡಿದ ಕ್ಷಣದಿಂದ ಅವರ ಮನಸ್ಸಿನಲ್ಲಿ ಆ ಮಗು ಅವರದೇ. ಕೋಣೆಗೆ ಬಣ್ಣ ಬಳಿಯುತ್ತಾರೆ, ಅಂಗಿ ಹೊಲಿಸುತ್ತಾರೆ. ಆದರೆ ಅನುಮತಿ, ಆದೇಶ, ಪಾಸ್‌ಪೋರ್ಟ್, ವೀಸಾ ಎಂದು ತಿಂಗಳುಗಳು ಉರುಳುತ್ತವೆ. ಹೊಲಿಸಿದ ಅಂಗಿ ಮಗು ಬರುವ ಹೊತ್ತಿಗೆ ಚಿಕ್ಕದಾಗಿರುತ್ತದೆ. ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋದ ಮಗಳ ದಾರಿ ಕಾಯುವವರಿಗೆ ತಿಂಗಳ ಲೆಕ್ಕ ಗೊತ್ತಿರುತ್ತದೆ. ಇವರಿಗೆ ಆ ಲೆಕ್ಕವೂ ಇಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ಕಾರಣದಿಂದ ವಿಮಾನಗಳು ನಿಂತಾಗ ಈ ಕಾಯುವಿಕೆ ಇನ್ನೂ ಉದ್ದವಾಯಿತು. ಅವರ ಸಂಕಟ ಸಣ್ಣದಲ್ಲ. ನಾವು ಅದನ್ನು ಹಗುರವಾಗಿ ಕಾಣಬಾರದು.

ಆದರೆ ಈ ಸಂಕಟವನ್ನೇ ಬಂಡವಾಳ ಮಾಡಿಕೊಂಡವರೂ ಹುಟ್ಟಿಕೊಂಡರು. ಬೇಗ ಮಗು ಬೇಕೆಂದವರಿಗೆ ಬೇಗ ಮಗು ಒದಗಿಸುವ ಮಧ್ಯವರ್ತಿಗಳು. 1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಭಾರತದ ಮಕ್ಕಳನ್ನು ಪರದೇಶಕ್ಕೆ ಕೊಡುವ ಕೆಲಸದಲ್ಲಿ ಅಕ್ರಮ ನಡೆಯುತ್ತಿದೆ, ಎಳೆಯ ಕೂಸುಗಳು ದೂರ ಪ್ರಯಾಣದಲ್ಲಿ ಅಪಾಯಕ್ಕೆ ಈಡಾಗುತ್ತಿವೆ, ಹೋದ ಮೇಲೆ ಏನಾದವು ಎಂದು ಕೇಳುವವರಿಲ್ಲ ಎಂಬುದು ಅದರ ಸಾರ. ನ್ಯಾಯಾಲಯ ಆ ಪತ್ರವನ್ನೇ ಅರ್ಜಿ ಎಂದು ಅಂಗೀಕರಿಸಿತು. 1984ರ ಫೆಬ್ರವರಿ 6ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ತೀರ್ಪು ಬರೆದರು. ಕಾನೂನಿಲ್ಲದ ಕಡೆ ಆ ತೀರ್ಪೇ ಬಹುಕಾಲ ಕಾನೂನಾಯಿತು. ಅದರ ಬೆನ್ನಲ್ಲೇ 1990ರಲ್ಲಿ ಕೇಂದ್ರ ಸರ್ಕಾರದ ದತ್ತು ಸಂಸ್ಥೆ ಕಾರಾ ಸ್ಥಾಪನೆಯಾಯಿತು.

ಆ ತೀರ್ಪಿನಲ್ಲಿ ನಾವು ನೆನಪಿಡಬೇಕಾದ ಮಾತುಗಳು ಎರಡು. ಮಗುವಿಗೆ ಮೊದಲು ತನ್ನ ಹೆತ್ತವರ ಮನೆ. ಅದಾಗದಿದ್ದರೆ ತನ್ನ ದೇಶದಲ್ಲೇ ಒಂದು ಮನೆ. ಅದೂ ಸಿಗದಿದ್ದರೆ ಮಾತ್ರ ಪರದೇಶದ ಮನೆ. ಇದು ಒಂದು. ಇನ್ನೊಂದು, ಮಗು ಹುಟ್ಟುವ ಮೊದಲು, ಅಥವಾ ಹುಟ್ಟಿದ ಮೂರು ತಿಂಗಳ ಒಳಗೆ, ಮಗುವನ್ನು ಬಿಟ್ಟುಕೊಡುವಂತೆ ಹೆತ್ತವರನ್ನು ಯಾರೂ ಪ್ರೇರೇಪಿಸಕೂಡದು. ಬಿಟ್ಟುಕೊಡುವ ಪತ್ರಕ್ಕೆ ಹೆತ್ತವರ ಸಹಿ ಇರಬೇಕು, ಜವಾಬ್ದಾರಿಯುತರ ಸಾಕ್ಷಿ ಇರಬೇಕು.

ಮೂರು ತಿಂಗಳು ಏಕೆ? ಹೆತ್ತ ಹೊಸತರಲ್ಲಿ ಹೆಂಗಸಿನ ಮೈಯಲ್ಲಿ ರಕ್ತವಿಲ್ಲ, ಮನಸ್ಸಿನಲ್ಲಿ ಗಟ್ಟಿಯಿಲ್ಲ. ಹೆಣ್ಣು ಹುಟ್ಟಿತೆಂದು ಮನೆಯವರ ಮೋರೆ ತಿರುಗಿರುತ್ತದೆ. ಆ ಹೊತ್ತಿನಲ್ಲಿ ಅವಳು ಆಡುವ ಹೂಂ ಎಂಬ ಮಾತನ್ನು ಒಪ್ಪಿಗೆ ಎನ್ನಲಾಗದು. ಎದೆಹಾಲು ಕುಡಿಸಿ, ಕೂಸು ಮುಖ ನೋಡಿ ನಕ್ಕ ಮೇಲೆ ಅವಳ ಮಾತು ಬೇರೆಯಾದೀತು. ಆ ಬೇರೆ ಮಾತಿಗೆ ಜಾಗ ಇರಲಿ ಎಂದು ಕಾಲವನ್ನು ಕಟ್ಟಿಟ್ಟರು. ಆಚೆ ದಡದವರಿಗೆ ತಡ ಎಂದು ಕಾಣುವ ದಿನಗಳಲ್ಲಿ ಒಂದು ಪಾಲು ಈ ತಾಯಿಯದು.

ಈ ಪಾಲನ್ನು ಕೊಂಡುಕೊಂಡರೆ ಏನಾಗುತ್ತದೆ ಎಂಬುದನ್ನು ಆಂಧ್ರಪ್ರದೇಶವೇ ಕಂಡಿತು. ಆಗಿನ್ನೂ ತೆಲಂಗಾಣ ಬೇರೆಯಾಗಿರಲಿಲ್ಲ. 1999ರಲ್ಲಿ ಒಮ್ಮೆ, 2001ರಲ್ಲಿ ಮತ್ತೊಮ್ಮೆ, ಹೈದರಾಬಾದ್ ಮತ್ತು ಸುತ್ತಲಿನ ಕೆಲವು ಅನಾಥಾಲಯಗಳ ಮೇಲೆ ಪೊಲೀಸರ ತನಿಖೆ ನಡೆಯಿತು. ಲಂಬಾಡಾ ತಾಂಡಗಳಿಂದ ಹೆಣ್ಣುಕೂಸುಗಳನ್ನು ಅಲ್ಪ ಹಣಕ್ಕೆ ಕೊಂಡು, ಅನಾಥ ಎಂದು ಕಾಗದ ಹುಟ್ಟಿಸಿ, ಪರದೇಶದ ದತ್ತಿಗೆ ಸಿದ್ಧಪಡಿಸಿದರು ಎಂಬುದು ಆರೋಪ. ನಲ್ಗೊಂಡ ಜಿಲ್ಲೆಯ ದೇವರಕೊಂಡ ಸುತ್ತಿನ ತಾಂಡಗಳ ಹೆಸರು ಪತ್ರಿಕೆಗಳಲ್ಲಿ ಬಂತು. ಲಂಬಾಡಾ ಎಂದು ಅಲ್ಲಿ ಕರೆಯುವ ಜನವನ್ನೇ ನಮ್ಮ ಅನಂತಪುರ ಸೀಮೆಯಲ್ಲಿ ಸುಗಾಲಿಯವರು ಎನ್ನುತ್ತೇವೆ, ಕರ್ನಾಟಕದ ಕಡೆ ಲಂಬಾಣಿಗಳು ಎನ್ನುತ್ತಾರೆ.

ಇದನ್ನು ಕೇಳಿ, ಮಕ್ಕಳನ್ನು ಮಾರುವ ಜನವೆ ಎಂದು ಯಾರೂ ಮೂಗೆಳೆಯಬಾರದು. ಗೀತಾ ರಾಮಸ್ವಾಮಿ ಮತ್ತು ಭಂಗ್ಯಾ ಭೂಕ್ಯಾ ಎಂಬಿಬ್ಬರು ಆ ತಾಂಡಗಳಲ್ಲಿ ಅಧ್ಯಯನ ಮಾಡಿ ಬರೆದರು. ಭೂಕ್ಯಾ ಸ್ವತಃ ಆ ಸಮುದಾಯದವರೇ, ಚರಿತ್ರೆಯ ಅಧ್ಯಾಪಕರು. ಹಿಂದೆ ಲಂಬಾಡಾಗಳಲ್ಲಿ ಮದುವೆಗೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ಹಣ ಕೊಡುತ್ತಿದ್ದರು. ಕನ್ನಡದಲ್ಲಿ ತೆರ ಎನ್ನುತ್ತೇವಲ್ಲ, ತೆಲುಗಿನಲ್ಲಿ ಓಲಿ ಎನ್ನುತ್ತಾರಲ್ಲ, ಅದು. ಹೆಣ್ಣು ಹುಟ್ಟಿದರೆ ಮನೆಗೆ ಹೊರೆ ಎಂಬ ಮಾತೇ ಇರಲಿಲ್ಲ. ಬಯಲಿನ ಜನರ ನಡುವೆ ಬಾಳುತ್ತ ಬಾಳುತ್ತ ತೆರ ಹೋಯಿತು, ವರದಕ್ಷಿಣೆ ಬಂತು. ಹೊಲ ಕೈಬಿಟ್ಟಿತು, ಮಳೆ ಕೈಕೊಟ್ಟಿತು, ಸಾಲ ಬೆಳೆಯಿತು. ಮೂರನೆಯ, ನಾಲ್ಕನೆಯ ಹೆಣ್ಣು ಹುಟ್ಟಿದ ಮನೆಯ ಬಾಗಿಲಲ್ಲಿ ಮಧ್ಯವರ್ತಿ ಬಂದು ನಿಂತ. ಬೇರೆ ಯಾರೂ ಆ ಬಾಗಿಲಿಗೆ ಬಂದಿರಲಿಲ್ಲ.

ಕಲ್ಯಾಣದುರ್ಗದ ಬಯಲು, ಮಡಕಶಿರಾದ ಬೆಟ್ಟದ ಬುಡ, ಇವೂ ಮಳೆ ನಂಬಿದ ಸೀಮೆಗಳೇ. ಸಾಲದ ಲೆಕ್ಕ, ವರದಕ್ಷಿಣೆಯ ಲೆಕ್ಕ ನಮಗೂ ಗೊತ್ತಿದ್ದದ್ದೇ. ಅದೇ ಕಾರಣಗಳು ಇಲ್ಲಿಯೂ ಇವೆ ಎಂದ ಮೇಲೆ ದೇವರಕೊಂಡದ ಕಥೆ ನಮಗೆ ದೂರದ ಕಥೆಯಾಗಲಾರದು.

ತನಿಖೆ ಶುರುವಾದಾಗ ಎರಡು ದಡಗಳಲ್ಲೂ ಗೋಳು ಎದ್ದಿತು. ಭಾವಚಿತ್ರ ಹಿಡಿದುಕೊಂಡು ಕಾಯುತ್ತಿದ್ದ ಪರದೇಶದ ಕುಟುಂಬಗಳಿಗೆ ಮಗು ಬರುವುದೋ ಇಲ್ಲವೋ ತಿಳಿಯಲಿಲ್ಲ. ಅವರಲ್ಲಿ ಬಹುತೇಕರು ಯಾವ ಮೋಸವನ್ನೂ ಅರಿಯದವರು. ಮಕ್ಕಳನ್ನು ಹೈದರಾಬಾದಿನ ಸರ್ಕಾರಿ ಶಿಶುವಿಹಾರಕ್ಕೆ ಒಯ್ದರು. ಮೊಕದ್ದಮೆಗಳು ನ್ಯಾಯಾಲಯದಲ್ಲಿ ಎಳೆದವು. ತೊಟ್ಟಿಲ ಕೂಸುಗಳು ಅಂಬೆಗಾಲಿಟ್ಟವು, ನಡೆದವು, ಮಾತು ಕಲಿತವು. 2001ರಲ್ಲಿ ರಾಜ್ಯ ಸರ್ಕಾರ ಖಾಸಗಿ ಸಂಸ್ಥೆಗಳು ಹೆತ್ತವರಿಂದ ಮಗುವನ್ನು ಬಿಟ್ಟುಕೊಟ್ಟ ಪತ್ರ ಬರೆಸಿಕೊಳ್ಳುವುದನ್ನೇ ನಿಷೇಧಿಸಿತು. ನೋಡಿ, ತಾಯಿಯ ಮೂರು ತಿಂಗಳನ್ನು ಉಳಿಸಿಕೊಳ್ಳಹೋಗಿ ಮಧ್ಯವರ್ತಿಗಳು ಮಗುವಿನ ಎಷ್ಟು ವರ್ಷ ಕಳೆದರು! ಅವಸರದಿಂದ ಹುಟ್ಟಿದ ತಡ ಅದು.

ಆಮೇಲೆ ಕಾನೂನು ಬಿಗಿಯಾಯಿತು. ದೇಶದೇಶಗಳ ನಡುವಿನ ದತ್ತಿನ ಬಗ್ಗೆ 1993ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದವನ್ನು ಭಾರತ 2003ರಲ್ಲಿ ಅನುಮೋದಿಸಿತು. ತಾಯಿಯ ಒಪ್ಪಿಗೆಯನ್ನು ಮಗು ಹುಟ್ಟಿದ ಮೇಲೆಯೇ ಪಡೆಯಬೇಕು, ಒಪ್ಪಿಗೆಗೆ ಹಣ ಕೊಡಕೂಡದು ಎಂದು ಆ ಒಪ್ಪಂದ ಹೇಳುತ್ತದೆ. 2015ರ ಬಾಲನ್ಯಾಯ ಕಾಯಿದೆ ಇಡೀ ಕ್ರಮವನ್ನು ಒಂದೆಡೆ ಬರೆದಿಟ್ಟಿತು. ಅದರಲ್ಲಿ ನಮಗೆ ಬೇಕಾದ್ದನ್ನು ಸರಳವಾಗಿ ಹೇಳುತ್ತೇನೆ.

ಮಗುವನ್ನು ಸಾಕಲಾರೆ ಎನ್ನುವ ತಾಯಿ ಆಸ್ಪತ್ರೆಯ ಆಯಾಗೋ ಪರಿಚಯದವರಿಗೋ ಮಗುವನ್ನು ಕೊಡುವಂತಿಲ್ಲ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಸಮಿತಿ ಅವಳಿಗೆ ತಿಳಿಹೇಳುತ್ತದೆ. ಆದರೂ ಅವಳ ಮನಸ್ಸು ಅದೇ ಆಗಿದ್ದರೆ ಪತ್ರಕ್ಕೆ ಸಹಿಯಾಗುತ್ತದೆ. ಅಲ್ಲಿಂದ ಎರಡು ತಿಂಗಳು ಅವಳ ಕಾಲ. ಆ ಎರಡು ತಿಂಗಳಲ್ಲಿ ಮನಸ್ಸು ಬದಲಾಯಿಸಿ ಬಂದು ಮಗುವನ್ನು ಕೇಳಬಹುದು. ಅವಳ ಹೆಸರು, ಊರು ಗುಟ್ಟಾಗಿಯೇ ಉಳಿಯಬೇಕು. ಇನ್ನು ಬಸ್ ನಿಲ್ದಾಣದಲ್ಲೋ ಗುಡಿಯ ಜಗಲಿಯ ಮೇಲೋ ಸಿಕ್ಕ ಮಗುವಿನ ವಿಷಯ. ಅಂಥ ಮಗು ಸಿಕ್ಕವರು 24 ಗಂಟೆಗಳ ಒಳಗೆ ತಿಳಿಸಲೇಬೇಕು. ಹೆತ್ತವರನ್ನು ಹುಡುಕಬೇಕು. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಾದರೆ ನಾಲ್ಕು ತಿಂಗಳ ಅವಧಿಯಲ್ಲಿ ವಿಚಾರಣೆ ಮುಗಿಸಿ, ಮಗು ದತ್ತಿಗೆ ಮುಕ್ತ ಎಂದು ಸಮಿತಿ ಘೋಷಿಸಬೇಕು. ಆಮೇಲೆ 60 ದಿನ ದೇಶದೊಳಗಿನ ಮತ್ತು ಅನಿವಾಸಿ ಭಾರತೀಯ ಕುಟುಂಬಗಳಿಗೆ ಸರದಿ. ಅವರಲ್ಲಿ ಯಾರೂ ಸಿಗದಿದ್ದರೆ ಪರದೇಶದವರಿಗೆ. ಅಂಗವಿಕಲ ಮಕ್ಕಳು, ಒಡಹುಟ್ಟಿದವರ ಜೋಡಿ, ಐದು ದಾಟಿದ ಮಕ್ಕಳು, ಇವರಿಗೆ ಪರದೇಶದ ದತ್ತಿನಲ್ಲಿ ಆದ್ಯತೆ ಕೊಡಬಹುದು. ಮಗು ಹೋದ ಮೇಲೂ ಎರಡು ವರ್ಷ ಅದರ ಯೋಗಕ್ಷೇಮದ ವರದಿ ಬರುತ್ತಿರಬೇಕು.

ಮೊದಲು ದತ್ತಿನ ಆದೇಶ ಕೊಡುತ್ತಿದ್ದುದು ನ್ಯಾಯಾಲಯ. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದು ಆ ಅಧಿಕಾರ ಜಿಲ್ಲಾಧಿಕಾರಿಗಳ ಕೈಗೆ ಬಂದಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮ ಜಿಲ್ಲೆಯೂ ಎರಡಾಯಿತಲ್ಲ. ಹಿಂದೂಪುರ, ಮಡಕಶಿರಾ ಕಡೆಯವರಿಗೆ ಜಿಲ್ಲಾಧಿಕಾರಿ ಇರುವುದು ಪುಟ್ಟಪರ್ತಿಯಲ್ಲಿ. ಕಲ್ಯಾಣದುರ್ಗದವರಿಗೆ ಅನಂತಪುರದಲ್ಲಿ. ಪಾವಗಡದ ಕಡೆಯಿಂದ ಕೇಳುತ್ತಿರುವವರಿಗೆ ತುಮಕೂರು.

ಗಡಿಯಲ್ಲಿ ಇನ್ನೊಂದು ತೊಡಕೂ ಉಂಟು, ಅದನ್ನು ಹೇಳದೆ ಮುಂದೆ ಹೋಗಲಾರೆ. ಹಿಂದೂಪುರದ ರೈಲು ನಿಲ್ದಾಣದಲ್ಲಿ ಒಂದು ಕೂಸು ಸಿಕ್ಕಿತೆನ್ನಿ. ಅದರ ತಾಯಿ ತೆಲುಗಿನವಳೂ ಆಗಿರಬಹುದು, ಬೆಂಗಳೂರಿನ ಕಡೆಯಿಂದ ಬಂದ ಕನ್ನಡದವಳೂ ಆಗಿರಬಹುದು. ಪ್ರಕಟಣೆ ತೆಲುಗು ಪತ್ರಿಕೆಯಲ್ಲಿ ಮಾತ್ರ ಬಂದರೆ ಕನ್ನಡದ ಹಳ್ಳಿಗೆ ಅದು ಮುಟ್ಟುವುದಿಲ್ಲ. ಹಾಗೆಯೇ ರೊಳ್ಳದ ಕಡೆಯ ಕನ್ನಡ ಹೆಂಗಸಿನ ಮುಂದೆ ತೆಲುಗಿನಲ್ಲಿ ಬರೆದ ಕಾಗದ ಇಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡರೆ, ಅವಳ ಎರಡು ತಿಂಗಳ ಹಕ್ಕು ಅವಳಿಗೆ ತಿಳಿಯುವುದು ಹೇಗೆ? ಎರಡು ಭಾಷೆ ಬಲ್ಲವರು ನಾವು. ಅಂಥ ಹೊತ್ತಿನಲ್ಲಿ ಪಕ್ಕದಲ್ಲಿ ನಿಂತು ಕಾಗದವನ್ನು ಓದಿ ಹೇಳುವುದು ನಮ್ಮಿಂದ ಆಗುವ ಕೆಲಸ. ಕಾಗದ ಓದಿ ಹೇಳಲು ಕಾನೂನು ಓದಿರಬೇಕಾಗಿಲ್ಲ.

ಈಗ ಲೆಕ್ಕದ ಇನ್ನೊಂದು ಮಗ್ಗುಲು. 2022ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯೊಂದು ದತ್ತಿನ ಬಗ್ಗೆ ವರದಿ ಕೊಟ್ಟಿತು. 2021ರ ಡಿಸೆಂಬರ್ ಹೊತ್ತಿಗೆ ಮಗುವಿಗಾಗಿ ಹೆಸರು ಬರೆಸಿ ಕಾಯುತ್ತಿದ್ದವರು 27,939. ಅವರು ಕಾಯಬೇಕಾಗಿದ್ದ ಕಾಲ ಮೂರು ವರ್ಷದಷ್ಟು. ಅದೇ ವರದಿಯ ಪ್ರಕಾರ ಸಂಸ್ಥೆಗಳಲ್ಲಿದ್ದ ಅನಾಥ, ಪರಿತ್ಯಕ್ತ ಹಾಗೂ ಬಿಟ್ಟುಕೊಟ್ಟ ಮಕ್ಕಳು 6,996. ಅವರಲ್ಲಿ ದತ್ತಿಗೆ ಮುಕ್ತರೆಂದು ಘೋಷಣೆಯಾದವರು 2,430 ಮಾತ್ರ. ಉಳಿದ ಮಕ್ಕಳ ಪಾಲಿಗೆ ಕಾಗದ ಮುಗಿದಿರಲಿಲ್ಲ. 2022–23ರಲ್ಲಿ ದೇಶದೊಳಗೆ ದತ್ತು ಹೋದ ಮಕ್ಕಳು 3,010, ಪರದೇಶಕ್ಕೆ ಹೋದವರು 431.

ಈ ಸಂಖ್ಯೆಗಳನ್ನು ಕೇಳಿದಾಗ ಕಾಯುವಿಕೆಯಲ್ಲಿ ಎರಡು ಬಗೆ ಇದೆ ಎಂಬುದು ಸ್ಪಷ್ಟವಾಗುತ್ತದೆ. ಒಂದು, ಹೆತ್ತವಳ ಮನಸ್ಸಿಗೆ, ಕಳೆದುಹೋದ ಮಗುವಿನ ಹೆತ್ತವರ ಹುಡುಕಾಟಕ್ಕೆ, ಹತ್ತಿರದ ಮನೆಗಳ ಸರದಿಗೆ ಮೀಸಲಿಟ್ಟ ಕಾಲ. ಇನ್ನೊಂದು, ಮೇಜಿನ ಮೇಲೆ ಕಡತ ಮಲಗಿರುವ ಕಾಲ. ಮೊದಲನೆಯದರಲ್ಲಿ ಒಂದು ದಿನವನ್ನೂ ಯಾರೂ ಕೊಳ್ಳಬಾರದು, ಮಾರಬಾರದು. ಎರಡನೆಯದರಲ್ಲಿ ಒಂದು ದಿನವನ್ನೂ ಸಹಿಸಬಾರದು. ಆರು ತಿಂಗಳ ಕೂಸು ಕಡತದ ಕೆಳಗೆ ಆರು ವರ್ಷದ್ದಾದರೆ ಅದನ್ನು ತೆಗೆದುಕೊಳ್ಳಲು ಬರುವವರು ಕಡಿಮೆ. ನಮ್ಮ ದಂಪತಿಗಳು ಕೇಳುವುದು ಹೆಚ್ಚಾಗಿ ಎಳೆಯ ಮಗುವನ್ನು, ಆರೋಗ್ಯದ ಮಗುವನ್ನು. ದೊಡ್ಡ ಮಕ್ಕಳು, ಕಿವಿ ಕೇಳದ ಮಕ್ಕಳು, ಕಾಲು ಊನವಾದ ಮಕ್ಕಳು ಹಿಂದೆ ಉಳಿಯುತ್ತಾರೆ. ಅಂಥವರನ್ನು ಮಗ, ಮಗಳು ಎಂದು ಎತ್ತಿಕೊಂಡು ಹೋದವರಲ್ಲಿ ಕಡಲಾಚೆಯವರು ಬಹಳ ಮಂದಿ. ಪರದೇಶದ ದತ್ತನ್ನು ಬಯ್ಯುವ ಮೊದಲು ಇದನ್ನೂ ನೆನೆಯಬೇಕು.

ಲೋಕದಲ್ಲಿ ಗಾಳಿ ಈಗ ಬೇರೆ ಕಡೆಗೆ ಬೀಸುತ್ತಿದೆ. ನೆದರ್ಲೆಂಡ್ಸ್ ದೇಶ ಹಳೆಯ ಅಕ್ರಮಗಳ ವರದಿ ನೋಡಿ 2021ರಲ್ಲಿ ಹೊರದೇಶಗಳ ದತ್ತನ್ನು ತಡೆಹಿಡಿಯಿತು. ಚೀನಾ 2024ರಲ್ಲಿ ತನ್ನ ಮಕ್ಕಳನ್ನು ಪರದೇಶದ ದತ್ತಿಗೆ ಕೊಡುವುದನ್ನು ನಿಲ್ಲಿಸಿತು. ಬಂಧುಗಳಿಗೆ ಮಾತ್ರ ವಿನಾಯಿತಿ. ಯಾವ ಕೊರಿಯಾದಿಂದ ಈ ಕಥೆ ಆರಂಭವಾಯಿತೋ ಅಲ್ಲಿನ ಸತ್ಯಶೋಧನ ಆಯೋಗ 2025ರ ಮಾರ್ಚಿಯಲ್ಲಿ ಮಾತಾಡಿತು. ಹಿಂದೆ ಪರದೇಶಕ್ಕೆ ಮಕ್ಕಳನ್ನು ಕಳಿಸುವಾಗ ದಾಖಲೆ ತಿದ್ದಿದ್ದು ನಿಜ, ಮಕ್ಕಳ ಹಕ್ಕು ಮುರಿದದ್ದು ನಿಜ ಎಂದಿತು. ಅಲ್ಲಿಂದ ಹೋದ ಮಕ್ಕಳಲ್ಲಿ ಹಲವರು ಇಂದು ಐವತ್ತು, ಅರವತ್ತು ದಾಟಿದವರು. ಅವರಲ್ಲಿ ಎಷ್ಟೋ ಮಂದಿ ತಮ್ಮನ್ನು ಹೆತ್ತವಳ ಹೆಸರಿಗಾಗಿ ಈಗಲೂ ಕಾಯುತ್ತಿದ್ದಾರೆ. ಸುಳ್ಳು ಕಾಗದದಿಂದ ಉಳಿಸಿದ ಕೆಲವು ತಿಂಗಳಿಗೆ ಒಂದು ಇಡೀ ಆಯುಷ್ಯದ ಬಡ್ಡಿ ಅದು.

ಕೇಳುಗರೆ, ಕೊನೆಯದಾಗಿ ನಮ್ಮ ಬೀದಿಯ ಮಾತು. ಮಗುವಿಲ್ಲದ ದಂಪತಿಗಳಿಗೆ ಆಸ್ಪತ್ರೆಯ ಹಿಂಬಾಗಿಲಿನಿಂದ ಕೂಸು ಕೊಡಿಸುತ್ತೇನೆ ಎನ್ನುವವರು ಪಟ್ಟಣಗಳಲ್ಲಿ ಇದ್ದೇ ಇರುತ್ತಾರೆ. ಅದು ಪುಣ್ಯದ ಕೆಲಸವಲ್ಲ, ಮಗುವಿನ ಮಾರಾಟ. ಕಾಯಿದೆಯಲ್ಲಿ ಅದಕ್ಕೆ ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ಆಸ್ಪತ್ರೆಯವರೇ ಆ ಕೆಲಸ ಮಾಡಿದರೆ ಸಜೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳು ವರ್ಷದವರೆಗೂ ಹೋಗಬಹುದು. ಹೀಗೆ ಬಂದ ಮಗುವನ್ನು ಕಾನೂನು ಒಂದು ದಿನ ಕೇಳಿಕೊಂಡು ಬಂದರೆ ಸಾಕಿದವರ ಉಡಿಯೂ ಬರಿದು, ಹೆತ್ತವಳ ಒಡಿಯೂ ಬರಿದು. ದತ್ತು ಬೇಕಾದವರು ಕಾರಾದಲ್ಲಿ ಹೆಸರು ಬರೆಸಿ. ದಾರಿ ಉದ್ದ ನಿಜ, ಆದರೆ ಬಂದ ಮಗು ನಿಮ್ಮದಾಗಿಯೇ ಉಳಿಯುತ್ತದೆ. ಸಿಕ್ಕ ಮಗುವಿನ ವಿಷಯ ತಿಳಿದರೆ 1098ಕ್ಕೆ ಕರೆ ಮಾಡಿ, ದುಡ್ಡು ಬೀಳುವುದಿಲ್ಲ.

ನೆರೆಮನೆಯಲ್ಲಿ ಮೂರನೆಯ ಹೆಣ್ಣು ಹುಟ್ಟಿ ಬಾಣಂತಿ ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಆ ಬಾಗಿಲಿಗೆ ಮಧ್ಯವರ್ತಿಗಿಂತ ಮೊದಲು ನೀವು ಹೋಗಿ. ಒಂದು ಸೇರು ರಾಗಿ, ಒಂದು ಸಮಾಧಾನದ ಮಾತು, ಅಷ್ಟು ಸಾಕು. ಮಗುವನ್ನು ಸಾಕುತ್ತಾಳೋ, ಬಿಟ್ಟುಕೊಡುತ್ತಾಳೋ, ಅದು ಅವಳು ಯೋಚಿಸಿ ಹೇಳಬೇಕಾದ ಮಾತು. ಯೋಚಿಸುವಷ್ಟು ಕಾಲ ಅವಳಿಗೆ ಸಿಗಲಿ.